ಶರಾವತಿ ಸೇತುವೆಯ ಅರ್ಧ ನಿಮಿಷ

ಕುಮಟಾ ದಾಟಿ ರಸ್ತೆ ಬದಿಯ ಚಹಾದಂಗಡಿಯ ಮುಂದೆ ನಿಂತಿದ್ದಾಗ ಸುಭಾಸನ ಕೈಯಲ್ಲಿದ್ದ ಲೋಟ ವಾಲಿತು. ಬಿಸಿ ಚಹಾ ಅವನ ಎಡಗಾಲ ಮೇಲೆ ಸುರಿಯಿತು. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಣ್ಣು ತೆರೆದೇ ಇದ್ದವು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ. ಬಲಗೈ ಬೆರಳುಗಳು ಅಂಗಿಯ ಗುಂಡಿ ಹಿಡಿದು ತಿರುವುತ್ತಿದ್ದವು. ತುಟಿಗಳು ಬಾಯಲ್ಲಿ ಏನೋ ಇದ್ದ ಹಾಗೆ ಚಪ್ಪರಿಸುತ್ತಿದ್ದವು.

“ಏನ್ರಿ... ರೀ!” ಎಂದಳು ನಾಗರತ್ನಾ.

ಅವಳು ಭುಜ ಮುಟ್ಟುವಷ್ಟರಲ್ಲಿ ಅವನ ಕಣ್ಣಿಗೆ ಮತ್ತೆ ಬೆಳಕು ಬಂತು. ಬರಿದಾದ ಲೋಟ ನೋಡಿದ, ಒದ್ದೆ ಕಾಲು ನೋಡಿದ. “ಥೂ, ಚಾ ಚೆಲ್ಲಿತು. ಹೊರಡೂಣು ನಡೀರಿ, ಬಿಸಲ ಏರಾಕತ್ತೇತಿ” ಅಂದ.

“ಕಾಲ ಸುಡಲಿಲ್ಲೇನ್ರಿ?”

“ಅಷ್ಟೇನ ಬಿಸಿ ಇರಲಿಲ್ಲ ಬಿಡು.”

ಅದೇ ಚಹಾವನ್ನು ನಾಗರತ್ನಾ ಊದಿ ಊದಿ ಕುಡಿಯುತ್ತಿದ್ದಳು. ಅವಳ ನಾಲಿಗೆ ಇನ್ನೂ ಚುರುಗುಡುತ್ತಿತ್ತು.

ಅವರು ಬೈಲಹೊಂಗಲದವರು. ಸುಭಾಸ ಊರ ಹೊರಗಿನ ಒಂದು ಖಾಸಗಿ ಶಾಲೆಯ ಬಸ್ಸು ನಡೆಸುತ್ತಿದ್ದ. ಅದಕ್ಕೂ ಮೊದಲು ಹನ್ನೆರಡು ವರ್ಷ ಲಾರಿ. ಇಪ್ಪತ್ತೊಂದು ವರ್ಷದಲ್ಲಿ ಒಂದು ನಾಯಿಯ ಮೇಲೂ ಗಾಲಿ ಹಾಯಿಸಿದವನಲ್ಲ ಎಂದು ಊರೆಲ್ಲ ಹೇಳುತ್ತಿತ್ತು, ಅವನೂ ಹೇಳಿಕೊಳ್ಳುತ್ತಿದ್ದ. ನಾಗರತ್ನಾ ಅಂಗನವಾಡಿ ಟೀಚರು. ಅವಳ ಕೈಯಲ್ಲಿ ಅ ಆ ಕಲಿತ ಮಕ್ಕಳೇ ಎರಡು ವರ್ಷ ಕಳೆದ ಮೇಲೆ ಗಂಡನ ಬಸ್ಸು ಹತ್ತುತ್ತಿದ್ದರು. ದಸರಾ ರಜೆಯಲ್ಲಿ ಸಮುದ್ರದ ದಂಡೆಗುಂಟ ಕಾರಿನಲ್ಲಿ ಹೋಗೋಣ, ಅಲ್ಲಲ್ಲಿ ಟೆಂಟು ಹಾಕೋಣ ಎಂದು ಹಟ ಹಿಡಿದವನು ಸುಭಾಸನೇ. ಪಿಯುಸಿ ಓದುತ್ತಿದ್ದ ಮಗಳು ಐಶ್ವರ್ಯಾ ಕುಣಿದಾಡಿದಳು. ಎಪ್ಪತ್ತೆರಡು ವರ್ಷಕ್ಕೆ ಒಮ್ಮೆಯೂ ಸಮುದ್ರ ನೋಡದ ಅವನ ತಾಯಿ ತಂಗೆವ್ವ, “ನಾ ಯಾಕೋ ಅಲ್ಲಿಗೆ” ಅನ್ನುತ್ತಲೇ ಎಲ್ಲರಿಗಿಂತ ಮೊದಲು ರೊಟ್ಟಿ ಗಂಟು ಕಟ್ಟಿ ಕೂತಿದ್ದಳು.

ಹಿಂದಿನ ದಿನ ಕಿತ್ತೂರು, ಅಳ್ನಾವರ, ಯಲ್ಲಾಪುರ ಹಾಯ್ದು ಘಟ್ಟ ಇಳಿದು ಅಂಕೋಲಾ ಹತ್ತಿರ ಒಬ್ಬರ ತೆಂಗಿನ ತೋಟದಲ್ಲಿ ಟೆಂಟು ಹಾಕಿದ್ದರು. ತಂಗೆವ್ವ ಸೀರೆ ಎತ್ತಿಕೊಂಡು ಸಮುದ್ರದ ಮೊಣಕಾಲುದ್ದ ನೀರಿನಲ್ಲಿ ನಿಂತು, “ಇದಕ್ಕ ದಂಡಿನೇ ಇಲ್ಲಲ್ಲೋ ಸುಬ್ಯಾ!” ಎಂದು ಮಗನ ಕೈ ಹಿಡಿದು ನಕ್ಕಿದ್ದಳು. ಸುಭಾಸ ಆಗ ನಕ್ಕಿರಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ನಿಂತಿದ್ದ. ಅದು ಯಾಕೆ ಎಂದು ನಾಗರತ್ನಾಗೆ ಆಗ ತಿಳಿದಿರಲಿಲ್ಲ.

ಈಗ ಕಾರು ಹೊನ್ನಾವರದ ಕಡೆಗೆ ಓಡುತ್ತಿತ್ತು. ಬಲಗಡೆ ತೆಂಗಿನ ಸಾಲಿನ ನಡುವೆ ಸಮುದ್ರ ಒಮ್ಮೆ ಹೊಳೆಯುತ್ತಿತ್ತು, ಒಮ್ಮೆ ಮುಚ್ಚಿಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಐಶ್ವರ್ಯಾ ಮೊಬೈಲು ಹಿಡಿದು ಹೊರಗಿನದೆಲ್ಲ ವಿಡಿಯೋ ಮಾಡುತ್ತಿದ್ದಳು. ನಾಗರತ್ನಾ ಮಾತ್ರ ಹೊರಗೆ ನೋಡಲಿಲ್ಲ. ಸ್ಟೇರಿಂಗ್ ಮೇಲಿನ ಗಂಡನ ಬೆರಳುಗಳನ್ನೇ ನೋಡುತ್ತಿದ್ದಳು. ಕಳೆದ ಎರಡು ತಿಂಗಳಲ್ಲಿ ಕಂಡದ್ದು ಒಂದೊಂದಾಗಿ ನೆನಪಿಗೆ ಬರುತ್ತಿತ್ತು. ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಉಳಿದದ್ದು. ಹಲ್ಲುಜ್ಜುತ್ತ ನಿಂತವನು ನಲ್ಲಿ ಬಿಟ್ಟುಕೊಂಡೇ ನಿಂತದ್ದು. ದಣಿದಿದ್ದಾನೆ ಎಂದು ಆಗೆಲ್ಲ ಸುಮ್ಮನಾಗಿದ್ದಳು.

“ಸ್ವಲ್ಪ ದೂರ ನಾ ಹೊಡೀಲೇನ್ರಿ?” ಎಂದಳು.

ಅವಳು ಹೋದ ವರ್ಷ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸನ್ಸ್ ತೆಗೆದುಕೊಂಡಿದ್ದಳು. ಆದರೆ ಮನೆಯ ಕಾರನ್ನು ಎರಡು ಸಲ ಬೆಳಗಿನ ಹೊತ್ತು ಖಾಲಿ ಮಾರುಕಟ್ಟೆ ಅಂಗಳದಲ್ಲಿ ಓಡಿಸಿದ್ದು ಬಿಟ್ಟರೆ ಮುಟ್ಟಿದ್ದೇ ಇಲ್ಲ.

ಸುಭಾಸ ನಕ್ಕ. “ಹೈವೇದಾಗ? ಲಾರಿಯವ್ರು ಇಳದ ಬಂದ ಕೈ ಮುಗಿತಾರ ನಿನಗ.”

“ನಗ್ಯಾಡಬ್ಯಾಡ್ರಿ. ಖರೇನ ಕೇಳಾಕತ್ತೇನಿ.”

“ಸುಮ್ಮ ಕುಂದರು. ಈ ದಾರಿ ನಾನ ಹೊಡೀಬೇಕು.”

ಆ ಮಾತಿನಲ್ಲಿ ನಗೆ ಇರಲಿಲ್ಲ. ನಾಗರತ್ನಾ ಸೀಟ್ ಬೆಲ್ಟ್ ಎಳೆದು ನೋಡಿಕೊಂಡಳು. ಹಿಂದಕ್ಕೆ ತಿರುಗಿ ಅತ್ತೆಗೂ ಮಗಳಿಗೂ ಬೆಲ್ಟ್ ಹಾಕಿಸಿದಳು. ತಂಗೆವ್ವ, “ನನಗ ಉಸರ ಕಟ್ಟತೈತಿ ವಾ” ಎಂದರೂ ಬಿಡಲಿಲ್ಲ.

ಹೊನ್ನಾವರ ಬಂತು. ಊರು ಮುಗಿಯುತ್ತಲೇ ಶರಾವತಿ ಎದುರಾಯಿತು. ಅದು ನದಿಯೋ ಸಮುದ್ರವೋ ತಿಳಿಯದಷ್ಟು ಅಗಲ. ಅದರ ಮೇಲೆ ಕೊನೆಯೇ ಕಾಣದ ಸೇತುವೆ. “ಆಯೀ, ಇತ್ತಾಗ ನೋಡು, ಹೊಳಿ ಸಮುದ್ರಕ್ಕ ಕೂಡತೈತಿ!” ಎಂದು ಅಜ್ಜಿಗೆ ತೋರಿಸುತ್ತ ಐಶ್ವರ್ಯಾ ಅಪ್ಪನ ಭುಜದ ಮೇಲಿನಿಂದ ಬಲಗಡೆಗೆ ಮೊಬೈಲು ಹಿಡಿದಳು.

ಸೇತುವೆಯ ನಡುಮಧ್ಯ ಬಂದಿರಬೇಕು. ಸುಭಾಸನ ಬಲಗೈ ಸ್ಟೇರಿಂಗ್ ಬಿಟ್ಟು ಎದೆಯ ಮೇಲಿನ ಗುಂಡಿಗೆ ಹೋಯಿತು.

“ರೀ!”

ತುಟಿಗಳು ಚಪ್ಪರಿಸತೊಡಗಿದ್ದವು. ಕಾಲು ಮಾತ್ರ ಆಕ್ಸಿಲರೇಟರಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಕಾರು ಮೆಲ್ಲಗೆ ಎಡಕ್ಕೆ, ಅವಳ ಕಡೆಯ ಕಟ್ಟೆಯತ್ತ ಸರಿಯಿತು. ಮುಂದೆ ಒಂದು ಸ್ಕೂಟರ್ ಹೋಗುತ್ತಿತ್ತು. ಹಿಂದೆ ಮೀನಿನ ಬುಟ್ಟಿ, ನಡುವೆ ಒಬ್ಬ ಹೆಂಗಸು. ಆ ಹೆಂಗಸಿನ ಹಸಿರು ಸೆರಗು ಗಾಳಿಗೆ ಹಾರುತ್ತಿದ್ದುದು ನಾಗರತ್ನಾಗೆ ಸ್ಪಷ್ಟವಾಗಿ ಕಂಡಿತು. ಹತ್ತಿರವಾಗುತ್ತ ಬಂತು. ಇನ್ನೂ ಹತ್ತಿರ.

ಅವಳು ಬಲಗೈಯಿಂದ ಸ್ಟೇರಿಂಗ್ ಹಿಡಿದು ಬಲಕ್ಕೆ ಎಳೆದಳು. ಅವನ ಎಡಗೈ ಬಿಡಲೊಲ್ಲದು, ಕಬ್ಬಿಣದಂತೆ ಹಿಡಿದಿತ್ತು. ಇನ್ನೊಂದು ಕೈಯನ್ನೂ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಎಳೆದಳು. ಕಾರು ಸ್ಕೂಟರಿನ ಪಕ್ಕದಲ್ಲಿ ಒಂದು ಮೊಳದ ಅಂತರದಲ್ಲಿ ಹಾಯ್ದು ಹೋಯಿತು. ಹಿಂದಿನಿಂದ ಬರುತ್ತಿದ್ದ ಲಾರಿ ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ತಂಗೆವ್ವ “ಎಲ್ಲವ್ವಾ!” ಎಂದು ಕೂಗಿದ್ದು ಕೇಳಿಸಿತು. ಗೇರಿನ ಕೋಲು ತನ್ನ ತೊಡೆಯ ಹತ್ತಿರವೇ ಇದೆ ಎಂಬುದು ನಾಗರತ್ನಾಗೆ ಆಗ ಹೊಳೆಯಿತು. ಅದನ್ನು ಹೊಡೆದು ನ್ಯೂಟ್ರಲ್ಲಿಗೆ ತಂದಳು. ಎಂಜಿನ್ನು ಅರಚಿತು, ಆದರೆ ಗಾಲಿಗಳ ಓಟ ಇಳಿಯಿತು. ಹ್ಯಾಂಡ್ ಬ್ರೇಕನ್ನು ಒಮ್ಮೆಲೆ ಎಳೆಯಬಾರದೆಂದು ಕಲಿಸಿದ್ದರು. ಕಟ್ ಕಟ್ ಎಂದು ಅದರ ಒಂದು ಹಲ್ಲು ಏರಿಸಿದಳು, ಇನ್ನೊಂದು ಹಲ್ಲು, ಇನ್ನೊಂದು. ಕಾರು ಎಡಗಡೆಯ ಕಟ್ಟೆಗೆ ಮೈ ಉಜ್ಜಿಕೊಂಡು, ಕನ್ನಡಿ ಪುಡಿ ಮಾಡಿಕೊಂಡು ನಿಂತಿತು. ಲಾರಿ ಬೈದುಕೊಂಡು ಮುಂದೆ ಹೋಯಿತು.

ಕಿಟಕಿಯ ಕೆಳಗೆ ನೀರು. ಬಹಳ ಕೆಳಗೆ.

ಅವಳು ಚಾವಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಸುಭಾಸ ಇನ್ನೂ ಗುಂಡಿ ತಿರುವುತ್ತಿದ್ದ. ನಂತರ ಒಂದು ದೊಡ್ಡ ಉಸಿರು ಬಿಟ್ಟ, ಸುತ್ತ ನೋಡಿದ.

“ಗಾಡಿ ಯಾಕ ನಿಂತೈತಿ?” ಎಂದ. ಒಡೆದ ಕನ್ನಡಿ ಕಂಡಿತು. ಹೆಂಡತಿಯ ಕೈ ಸ್ಟೇರಿಂಗ್ ಮೇಲಿದ್ದುದು ಕಂಡಿತು. ಮುಖ ಕೆಂಪೇರಿತು. “ತಲಿ ಕೆಟ್ಟೈತೇನ ನಿನಗ? ಹೊಡಿಯೂ ಗಾಡಿದಾಗ ಸ್ಟೇರಿಂಗ್‌ಕ ಕೈ ಹಾಕತಾರೇನು? ನಾಕೂ ಮಂದಿ ಹೊಳ್ಯಾಗ ಬೀಳತಿದ್ವಿ!”

ನಾಗರತ್ನಾ ಸ್ಟೇರಿಂಗ್ ಮೇಲಿನ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿಕೊಂಡಳು.

“ಅಪ್ಪಾ.” ಹಿಂದಿನಿಂದ ಐಶ್ವರ್ಯಾಳ ದನಿ ಬಂತು. ಅವಳು ಅಳುತ್ತಿದ್ದಳು, ಆದರೆ ಕೈ ಮುಂದೆ ಚಾಚಿದ್ದಳು. “ಇದನ್ನ ನೋಡು.”

ಮೊಬೈಲಿನಲ್ಲಿ ಮೊದಲು ನದಿ ಇತ್ತು, ದೋಣಿಗಳಿದ್ದವು. ಆಮೇಲೆ ನಾಗರತ್ನಾಳ ಕೂಗು. ಮೊಬೈಲು ಗಕ್ಕನೆ ತಿರುಗಿ ಅವನ ಮುಖ ತೋರಿಸಿತು. ಸುಭಾಸ ಆ ಮುಖ ನೋಡಿದ. ತೆರೆದ ಕಣ್ಣು, ಚಪ್ಪರಿಸುವ ತುಟಿ, ಗುಂಡಿ ತಿರುವುವ ಬೆರಳು. ಹೆಂಡತಿ ಕೂಗುತ್ತಿದ್ದಾಳೆ, ಆ ಮುಖಕ್ಕೆ ಕೇಳುತ್ತಿಲ್ಲ. ಆಮೇಲೆ ಎಲ್ಲ ಅಲುಗಾಡಿ ಕಾರಿನ ಚಾವಣಿ ಮಾತ್ರ ಕಂಡಿತು.

ಅವನು ಎರಡನೆಯ ಸಲ ನೋಡಲಿಲ್ಲ. ಮೊಬೈಲು ಮಗಳಿಗೆ ಕೊಟ್ಟು ಬಾಗಿಲು ತೆರೆದು ಇಳಿದ.

ಸ್ಕೂಟರಿನವನು ಅಷ್ಟರಲ್ಲಿ ಬಂದು ನಿಂತಿದ್ದ. ಬಯ್ಯಲು ಬಂದವನು ಇವರ ಮುಖ ನೋಡಿ ದನಿ ಇಳಿಸಿದ. “ಎಂತಾಯ್ತು ಅಕ್ಕ? ಅವರಿಗೆ ಹುಷಾರಿಲ್ವಾ? ಇಲ್ಲಿ ನಿಲ್ಸಬೇಡಿ, ಹಿಂದಿಂದ ಗಾಡಿ ಬಂದು ಗುದ್ತದೆ.”

ಯಾರಾದರೂ ನಡೆಸಲೇಬೇಕಿತ್ತು. ಎಡಬಾಗಿಲು ಕಟ್ಟೆಗೆ ಒತ್ತಿದ್ದರಿಂದ ನಾಗರತ್ನಾ ಗಂಡನ ಬಾಗಿಲಿನಿಂದಲೇ ಇಳಿದು, ಅವನನ್ನು ಆಚೆ ಸೀಟಿಗೆ ಸರಿಸಿ ಅವನ ಸೀಟಿನಲ್ಲಿ ಕೂತಳು. ಕಾಲು ಪೆಡಲಿಗೆ ಮುಟ್ಟಲಿಲ್ಲ. ಸೀಟು ಮುಂದೆ ಎಳೆದುಕೊಂಡಳು. ಮೊದಲ ಸಲ ಎಂಜಿನ್ ಬಂದಾಯಿತು. ಎರಡನೆಯ ಸಲವೂ ಬಂದಾಯಿತು. ಸುಭಾಸ ಪಕ್ಕದಲ್ಲಿ ಕೂತು ಮುಷ್ಟಿ ಬಿಗಿದುಕೊಂಡಿದ್ದ. ಮೂರನೆಯ ಸಲಕ್ಕೆ ಕಾರು ಜಿಗಿದು ಹೊರಟಿತು. ಸ್ಕೂಟರಿನವನು ಹಿಂದೆ ಹಿಂದೆ, ಬರುವ ಗಾಡಿಗಳಿಗೆ ಕೈ ತೋರಿಸುತ್ತ, ಸೇತುವೆ ಮುಗಿಯುವವರೆಗೂ ಬಂದ.

ಸೇತುವೆಯಾಚೆ, ಕಾಸರಕೋಡಿನ ಗಾಳಿಮರಗಳ ತೋಪಿನಲ್ಲಿ ನೆರಳು ಕಂಡು ನಿಲ್ಲಿಸಿದಳು. ಮುಂದೆ ಬಿಳಿ ಮರಳು, ಅದರಾಚೆ ಹಗಲಿನ ಬಿಸಿಲಿಗೆ ಹೊಳೆಯುವ ಸಮುದ್ರ. ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

“ಎಂದಿನಿಂದ?” ಎಂದಳು ನಾಗರತ್ನಾ.

“ಇವತ್ತ ಏನೋ... ನಿದ್ದಿ ಆಗಿರಲಿಲ್ಲ.”

“ಎಂದಿನಿಂದ ಅಂತ ಕೇಳೇನ್ರಿ ನಾ.”

ಅವನು ಮರಳಿನ ಮೇಲೆ ಕೂತ. ಬೆರಳಿನಿಂದ ಮರಳು ಕೆದರಿದ. “ಜುಲೈದಾಗ ಮೊದಲ ಗೊತ್ತಾತು. ಧಾರವಾಡಕ್ಕ ಹೋಗಿದ್ದೆ, ಒಬ್ಬ ಡಾಕ್ಟರ ಹತ್ರ. ತಲಿ ಫೋಟೋ ತಗಿಸಿದ್ರು. ಇದೂ ಒಂದ ನಮೂನಿ ಫಿಟ್ಸ್ ಅಂದ್ರು. ಬೀಳೂದಿಲ್ಲ, ನೊರಿ ಬರೂದಿಲ್ಲ, ಅರ್ಧ ನಿಮಿಷ ಮನಶ್ಯಾ ಇರೂದಿಲ್ಲ ಅಷ್ಟ.”

“ಗಾಡಿ ಹೊಡಿ ಅಂದ್ರೇನು?”

ಅವನು ತಲೆ ಅಲ್ಲಾಡಿಸಿದ. “ಮುಟ್ಟಬ್ಯಾಡ ಅಂದ್ರು.”

“ಗುಳಗಿ?”

“ಕೊಟ್ಟಿದ್ರು. ತಿಂಗಳ ತಗೊಂಡೆ. ತಗೊಂಡ್ರ ಬಸ್ಸಿನ್ಯಾಗ ಜೋಂಪ ಹತ್ತತಿತ್ತು. ಬಿಟ್ಟೆ.”

ಬಸ್ಸಿನ್ಯಾಗ. ಅಲ್ಲಿಯವರೆಗೆ ನಾಗರತ್ನಾಳ ತಲೆಯಲ್ಲಿ ಸೇತುವೆ ಒಂದೇ ಇತ್ತು. ಶಾಲೆಯ ಹಳದಿ ಬಸ್ಸು ಈಗ ಕಣ್ಣ ಮುಂದೆ ಬಂತು.

“ಬಸ್ಸಿನ್ಯಾಗೂ ಆಗಿತ್ತೇನ್ರಿ?”

ಅವನು ಕೆದರಿದ ಮರಳನ್ನು ಅಂಗೈಯಿಂದ ಸಪಾಟು ಮಾಡಿದ.

“ಹೇಳ್ರಿ! ಮಕ್ಕಳ ಇದ್ದಾಗ ಆಗಿತ್ತೇನು?”

“ಒಮ್ಮೆ. ಆಗಸ್ಟದಾಗ. ಮುರಗೋಡ ಕಡಿ ಕಾಲವಿ ರಸ್ತ್ಯಾಗ. ಅವತ್ತ ಹುಡುಗೂರನ್ನ ನೋಡಿಕೊಳ್ಳೂ ಆಯಾ ರಜಾ ಮಾಡಿದ್ದಳು. ಎಚ್ಚರ ಆದಾಗ ಮುಂದಿನ ಗಾಲಿ ದಂಡಿಮ್ಯಾಲ ಏರಿ ಮಣ್ಣಾಗ ಹುಗದ ನಿಂತಿತ್ತು. ಮಡಿವಾಳೆಪ್ಪನ ಮಗಳು, ಶಿವಾನಿ, ಅಳಾಕತ್ತಿದ್ದಳು. ದನಾ ಅಡ್ಡ ಬಂತವ್ವಾ ಅಂತ ಸುಳ್ಳ ಹೇಳಿದೆ.”

ಆ ಸುಳ್ಳು ನಾಗರತ್ನಾಗೂ ಬಂದು ಮುಟ್ಟಿತ್ತು. ಶಿವಾನಿಯ ತಾಯಿ ಚಿಕ್ಕ ಮಗನನ್ನು ಅಂಗನವಾಡಿಗೆ ಬಿಡಲು ಬಂದಾಗ, “ದನಾ ಅಡ್ಡ ಬಂದ್ರೂ ನಿಮ್ಮ ಮನಿಯವ್ರು ಎಲ್ಲಾ ಹುಡುಗೂರನ್ನ ಉಳಿಸಿದ್ರಂತ್ರಿ ಟೀಚರ್. ದೇವರಂಥಾ ಮನಶ್ಯಾ” ಎಂದು ಕೈ ಹಿಡಿದುಕೊಂಡಿದ್ದಳು. ಅವತ್ತಿಡೀ ದಿನ ನಾಗರತ್ನಾ ಹೆಮ್ಮೆಯಿಂದ ಓಡಾಡಿದ್ದಳು.

“ಅಷ್ಟ ಆದಮ್ಯಾಲೂ ದಿನಾ ಹೊಡದ್ರಿ. ನಿನ್ನೆ ಘಟ್ಟ ಇಳಿಸಿದ್ರಿ, ನಮ್ಮನ್ನೆಲ್ಲಾ ಕುಂದರಿಸಿಕೊಂಡು.”

“ಇದ ಕಡೀದು ಅಂದಿದ್ನಿ!” ಅವನ ದನಿ ಒಡೆಯಿತು. “ಲಾರಿದಾಗ ಎಷ್ಟೋ ಸಲ ಈ ದಾರಿ ಹೊಡದೇನಿ. ಪ್ರತಿ ಸಲ ಅವ್ವನ್ನ ಕರಕೊಂಡ ಬರಬೇಕು, ನಿಮ್ಮನ್ನ ಕರಕೊಂಡ ಬರಬೇಕು ಅಂತ ಅನಸತಿತ್ತು. ಒಮ್ಮೆ ನನ್ನ ಕೈಯಾರೆ ಹೊಡದ ತೋರಿಸಿ ಬಿಡತೇನಿ ಅಂದಿದ್ನಿ.”

“ಬಿಡತಿದ್ರಿ? ಸೋಮವಾರ ಸಾಲಿ ಚಾಲೂ ಆಗತೈತಿ. ಸೋಮವಾರ ಬಸ್ಸ ಹತ್ತತಿದ್ದಿಲ್ಲ ನೀವು?”

ಸುಭಾಸ ಸಮುದ್ರದ ಕಡೆ ಮುಖ ತಿರುಗಿಸಿದ. ಹತ್ತುತ್ತಿದ್ದ ಎಂಬುದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಪ್ಯಾಂಟಿನ ಮರಳು ಕೊಡವಿದ. “ಆತು, ಊರಿಗೆ ಹೋಗಿ ನೋಡೂಣು. ಚಾವಿ ಕೊಡು. ಹಗೂರ ಹೊಡೀತೇನಿ. ಒಮ್ಮೆ ಆತಂದ್ರ ಎರಡ ದಿನ ಆಗೂದಿಲ್ಲ ಅದು.”

“ಮುಂಜಾನಿಂದ ಎರಡ ಸಲ ಆಗೇತ್ರಿ. ಚಾದಂಗಡ್ಯಾಗ ನೋಡೇನಿ ನಾ.”

“ಕೊಡ ಅಂದ್ರ ಕೊಡು!” ಎಂದು ಅವನು ಕೈ ಹಾಕಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೆಂಡತಿಯ ಕೈ ತಿರುವಿದವನಲ್ಲ. ಈಗ ಅವಳ ಮಣಿಕಟ್ಟು ಹಿಡಿದಿದ್ದ. ಬಳೆಯೊಂದು ಚಟ್ಟೆಂದು ಒಡೆಯಿತು. ಐಶ್ವರ್ಯಾ “ಅಪ್ಪಾ, ಬ್ಯಾಡ!” ಎಂದು ನಡುವೆ ಬಂದಳು.

ಆಗ ತಂಗೆವ್ವ ಕಾರಿನಿಂದ ಇಳಿದಳು. ಮೊಣಕಾಲು ನೋವಿನ ಮುದುಕಿ ಮರಳಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಬಂದು, ಸೊಸೆಯ ಮುಷ್ಟಿಯಿಂದ ಚಾವಿ ಬಿಡಿಸಿಕೊಂಡು ತನ್ನ ಎಲೆಯಡಿಕೆಯ ಚಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಗಿಸಿದಳು.

“ನನ್ನ ಸೊಂಟಕ್ಕ ಕೈ ಹಾಕಿ ತಗೋ ಸುಬ್ಯಾ, ಧೈರ್ಯ ಇದ್ರ” ಎಂದಳು.

ಅವನ ಕೈ ಕೆಳಗಿಳಿಯಿತು.

“ನೀ ಸತ್ರ ಅಳಾಕ ನಾ ಅದೇನಿ. ಆ ಹುಡುಗೂರು ಸತ್ರ ಅವರವ್ವಗೋಳ ಮುಂದ ನಾ ಯಾವ ಮಾರಿ ಇಟಗೊಂಡ ಅಳಲಿ? ಫೋನ್ ಹಚ್ಚು ಸಾಲಿಗೆ.”

“ಅವ್ವಾ, ನನಗ ಬ್ಯಾರೆ ಕೆಲಸ ಬರೂದಿಲ್ಲ.”

“ಕಲೀತಿ. ಹಚ್ಚು.”

ಸುಭಾಸ ಮೊಬೈಲು ತೆಗೆದ. ಹೆಡ್ ಮೇಡಂ ಅನ್ನಪೂರ್ಣಾ ಅವರ ನಂಬರು ತೆಗೆದು ನೋಡುತ್ತ ನಿಂತ. ಪರದೆ ಕಪ್ಪಾಯಿತು. ಮತ್ತೆ ತೆರೆದ. ತಾನೇ ಕಸಿದುಕೊಂಡು ಹಚ್ಚಿಬಿಡಲೇ ಎಂದು ನಾಗರತ್ನಾಗೆ ಅನಿಸಿತು. ಆದರೆ ಇದು ಅವನ ಬಾಯಿಂದಲೇ ಬರಬೇಕಿತ್ತು.

ಕೊನೆಗೆ ಹಚ್ಚಿದ. “ಮೇಡಂರಿ, ಸುಭಾಸ ಮಾತಾಡೂದ್ರಿ... ಹಬ್ಬ ಚಲೋ ಆತ್ರಿ. ಒಂದ ವಿಷಯ ಹೇಳೂದೈತ್ರಿ. ಸೋಮವಾರದಿಂದ ಬಸ್ಸಿಗೆ ಬ್ಯಾರೆ ಡ್ರೈವರ್ ನೋಡ್ರಿ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಗರತ್ನಾಳ ಕಣ್ಣು ಅವನ ಮೇಲೆಯೇ ಇತ್ತು. ಅವನು ಮುಂದುವರಿಸಿದ. ಡಾಕ್ಟರ ಮಾತು ಹೇಳಿದ. ಕಾಲುವೆಯ ದಿನದ್ದೂ ಹೇಳಿದ. ದನ ಅಡ್ಡ ಬಂದಿರಲಿಲ್ಲ ಎಂದೂ ಹೇಳಿದ.

ಆಮೇಲೆ ಮೇಡಂ ದನಿ ಹೊರಗೂ ಕೇಳುವಷ್ಟು ಏರಿತು. “ಮೂವತ್ತೆಂಟ ಮಕ್ಕಳ ಅದಾವು ಸುಭಾಸ! ಇಷ್ಟ ದಿನಾ ಬಾಯಿ ಮುಚಗೊಂಡ ಕುಂತಿದ್ರಿ?”

“ಹೌದ್ರಿ. ತಪ್ಪಾಗೇತ್ರಿ.”

ಫೋನ್ ಕಟ್ಟಾಯಿತು. ಅವನು ಬಿಸಿಲಿನಲ್ಲಿ ಹಾಗೆಯೇ ನಿಂತ. ನಾಗರತ್ನಾಗೆ ಅವನ ಮೇಲೆ ಕರುಣೆ ಬರಬೇಕಿತ್ತು, ಬರಲಿಲ್ಲ. ಮಣಿಕಟ್ಟು ಉರಿಯುತ್ತಿತ್ತು. ಸಿಟ್ಟು ಇಳಿದಿರಲಿಲ್ಲ. ಆದರೂ ಬಾಟಲಿಯ ನೀರು ತೆಗೆದು ಅವನ ಕೈಗಿಟ್ಟಳು.

ಊರಿಗೆ ತಿರುಗೋಣ ಎಂದಳು. ಐಶ್ವರ್ಯಾ ಹೂಂ ಎಂದಳು. ತಂಗೆವ್ವ ಒಪ್ಪಲಿಲ್ಲ. “ಈಗಿಂದೀಗ ಘಟ್ಟ ಏರಾಕ ನಿನಗ ಬರತೈತೇನು? ಕೈ ನಡಗಾಕತ್ತಾವು. ಮೊದಲ ಸಪಾಟ ರಸ್ತ್ಯಾಗ ಎರಡ ದಿನ ಹೊಡಿ, ಕೈ ಕೂಡಲಿ” ಎಂದು ಚಂಚಿಯಿಂದ ಚಾವಿ ತೆಗೆದು ಸೊಸೆಗೆ ಕೊಟ್ಟಳು. ಲೆಕ್ಕ ಹಾಕಿ ನೋಡಿದರೆ ಅದೇ ಸರಿಯಾದ ಮಾತಾಗಿತ್ತು.

ಹೀಗೆ ನಾಗರತ್ನಾ ನಲವತ್ತರ ವೇಗದಲ್ಲಿ ಮುರ್ಡೇಶ್ವರ ದಾಟಿದಳು, ಭಟ್ಕಳ ದಾಟಿದಳು. ಟ್ರಕ್ಕುಗಳು ಪಕ್ಕದಲ್ಲಿ ಹಾಯುವಾಗಲೆಲ್ಲ ಕಾರು ನಡುಗಿದಂತಾಗುತ್ತಿತ್ತು. ಎಡಗಡೆ ಕನ್ನಡಿ ಇರಲಿಲ್ಲ. ಆ ಬದಿಯಿಂದ ಏನು ಬರುತ್ತಿದೆ ಎಂದು ಐಶ್ವರ್ಯಾ ಹಿಂದಿನಿಂದ ಹೇಳುತ್ತಿದ್ದಳು. ಶಿರೂರಿನ ಹತ್ತಿರ ಏರಿನಲ್ಲಿ ಎಂಜಿನ್ನು ಗುರುಗುಟ್ಟಿ ಕಾರು ಹಿಂದಕ್ಕೆ ಜಾರುವಂತಾದಾಗ ಸುಭಾಸ ಮೊದಲ ಸಲ ಬಾಯಿ ತೆರೆದು, ರಸ್ತೆಯಿಂದ ಕಣ್ಣು ತೆಗೆಯದೆ, “ಸೆಕೆಂಡ್ ಹಾಕು” ಎಂದ. ಹಾಕಿದಳು. ಸ್ವಲ್ಪ ಮುಂದೆ, “ಕ್ಲಚ್ ಮ್ಯಾಲ ಕಾಲ ಇಡಬ್ಯಾಡ, ಸುಟ್ಟ ವಾಸನಿ ಬರತೈತಿ” ಎಂದ. ಅದರಲ್ಲಿ ಕುಹಕ ಇರಲಿಲ್ಲ.

ಸಂಜೆ ಐದರ ಹೊತ್ತಿಗೆ ಮರವಂತೆ ಬಂತು. ಬಲಕ್ಕೆ ಸಮುದ್ರ, ಎಡಕ್ಕೆ ನದಿ, ನಡುವೆ ಸೀಳಿಟ್ಟಂತೆ ರಸ್ತೆ. ತಂಗೆವ್ವ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕತ್ತು ಹೊರಳಿಸಿ, “ಎರಡೂ ಕಡೆ ನೀರು! ನಟ್ಟನಡುವ ಹೊಂಟೇವಲ್ಲ ವಾ” ಎಂದಳು. ನಾಗರತ್ನಾಗೆ ಕಂಡದ್ದು ಬಿಳಿ ಗೆರೆ ಮಾತ್ರ. ಅದನ್ನು ಬಿಟ್ಟು ಕಣ್ಣು ಆಚೀಚೆ ಹೊರಳಿಸಲಿಲ್ಲ. ನದಿಯ ಬದಿಯಲ್ಲಿ ಟೆಂಟು ಹಾಕಲು ಜಾಗ ಕೊಡುವ ಮನೆಯೊಂದರ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದಳು. ಬಾಗಿಲು ಹಿಡಿದುಕೊಂಡೇ ಅತ್ತಳು.

ಅಷ್ಟರಲ್ಲಿ ಸುದ್ದಿ ಬೈಲಹೊಂಗಲ ಮುಟ್ಟಿತ್ತು. ಸುಭಾಸನ ಫೋನು ಬಡಿದುಕೊಳ್ಳತೊಡಗಿತು. ಒಬ್ಬ ತಂದೆ ಬಾಯಿಗೆ ಬಂದದ್ದು ಬೈದ. ಇನ್ನೊಬ್ಬರು ಪೊಲೀಸರಿಗೆ ಹೇಳುತ್ತೇವೆ ಎಂದರು. ಅವನು ಯಾರ ಫೋನನ್ನೂ ಕಟ್ ಮಾಡಲಿಲ್ಲ. “ಹೌದ್ರಿ”, “ಖರೆ ಐತ್ರಿ” ಅನ್ನುತ್ತ ಅಂಗಳದ ತುದಿಯಲ್ಲಿ ನಿಂತಿದ್ದ. ಮಡಿವಾಳೆಪ್ಪನಿಂದ ಫೋನ್ ಬರಲಿಲ್ಲ. ಎಲ್ಲ ಮುಗಿದ ಮೇಲೆ ಸುಭಾಸ ತಾನೇ ಅವನಿಗೆ ಹಚ್ಚಿದ. ಆ ಮಾತು ನಾಗರತ್ನಾಗೆ ಕೇಳಲಿಲ್ಲ, ಅವನು ದೂರ ಹೋಗಿದ್ದ. ತಿರುಗಿ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಅವಳ ಮಣಿಕಟ್ಟಿನ ಗೀರು ನೋಡಿದ. “ನೋವ ಆಗೈತೇನು?” ಎಂದ.

“ಆಗೈತಿ” ಎಂದಳು ಅವಳು.

ಎರಡು ದಿನ ಅಲ್ಲಿದ್ದರು. ಅವಳು ಬೆಳಗ್ಗೆ ಸಂಜೆ ಆ ಸಪಾಟು ರಸ್ತೆಯಲ್ಲಿ ಕಾರು ಓಡಿಸಿದಳು, ಅವನು ಪಕ್ಕದಲ್ಲಿ ಕೂತು ಕಲಿಸಿದ. ಮೂರನೆಯ ದಿನ ಬಂದ ದಾರಿಯಲ್ಲೇ ತಿರುಗಿ, ಶರಾವತಿ ಸೇತುವೆ ದಾಟಿ, ಘಟ್ಟ ಹತ್ತಿಸಿ, ನಾಲ್ಕೂ ಜನರನ್ನು ಮನೆಗೆ ಮುಟ್ಟಿಸಿದಳು.

ಶಾಲೆಯವರು ಸುಭಾಸನನ್ನು ಮತ್ತೆ ಕರೆಯಲಿಲ್ಲ. ಊರಿನಲ್ಲಿ ಕೆಲವರು ಮಾತು ಬಿಟ್ಟರು. ಮಡಿವಾಳೆಪ್ಪ ಮಾತ್ರ ಮಾತಾಡಿಸುವುದನ್ನು ಬಿಡಲಿಲ್ಲ. ಗುಳಿಗೆ ತಪ್ಪದೆ ನಡೆದಿದೆ, ದೀಪಾವಳಿಯ ನಂತರ ಫಿಟ್ಸ್ ಒಮ್ಮೆಯೂ ಬಂದಿಲ್ಲ. ಈಗ ಸುಭಾಸ ಬಸ್ ಸ್ಟ್ಯಾಂಡಿನ ಹತ್ತಿರ ರಾಯಪ್ಪನ ಟಯರ್ ಅಂಗಡಿಯಲ್ಲಿ ಗಾಲಿ ಬಿಚ್ಚಿ ಹಾಕುವ ಕೆಲಸ ಮಾಡುತ್ತಾನೆ. ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಧಾರವಾಡದ ಡಾಕ್ಟರ ಹತ್ತಿರ ಹೋಗುತ್ತಾರೆ. ಮೊದಮೊದಲು ಅವನು ಡ್ರೈವರನ ಹಿಂದಿನ ಸೀಟಿನಲ್ಲೇ ಕೂತು, ಪ್ರತಿ ತಿರುವಿಗೂ ಬಲಗಾಲು ಒತ್ತುತ್ತಿದ್ದ. ಇತ್ತೀಚೆಗೆ ನಡುವಿನ ಸೀಟಿನಲ್ಲಿ ಕಿಟಕಿಯ ಬದಿಗೆ ಕೂತುಕೊಳ್ಳುತ್ತಾನೆ, ಬೆಳವಡಿ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾನೆ. ನಾಗರತ್ನಾ ಮಲಗುವುದಿಲ್ಲ. ಅವನ ಕೈ ಮಡಿಲಿನಲ್ಲಿ ಸುಮ್ಮನೆ ಇದೆಯೇ ಎಂದು ಆಗಾಗ ನೋಡುತ್ತಾಳೆ.